ನೂರಾ ಹದಿನೇಳನೆಯ ಮುಖ

ಗೋಡೆಯ ಮೇಲೆ ಮುನ್ನೂರ ಹನ್ನೆರಡು ಮುಖಗಳಿದ್ದವು. ಅವುಗಳಲ್ಲಿ ಒಂದು ನಾಲ್ಕು ವಾರಗಳಿಂದ ಒಂದೇ ಬದಿಗೆ ಜೋತುಬೀಳುತ್ತಿತ್ತು.

ಡಾ. ಅಂಬುಜಾ ಸವಡಿ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಆ ಮುಖವನ್ನೇ ದಿಟ್ಟಿಸಿದಳು. ಸಂಖ್ಯೆ ನೂರಾ ಹದಿನೇಳು. ಒಂದು ಬದಿಯಲ್ಲಿ ಕಣ್ಣು ಅಗಲವಾಗಿ ತೆರೆದಿತ್ತು, ತುಟಿಯ ತುದಿ ನಗುವಿಗೆ ಅಣಿಯಾದಂತಿತ್ತು. ಇನ್ನೊಂದು ಬದಿಯಲ್ಲಿ ಹುಬ್ಬು ಕುಸಿದಿತ್ತು, ರೆಪ್ಪೆ ಮುಚ್ಚಲು ಹೊರಟಿತ್ತು, ತುಟಿ ಗಲ್ಲದ ಕಡೆಗೆ ಇಳಿದಿತ್ತು. ಕಳೆದ ಬುಧವಾರಕ್ಕಿಂತ ಈ ಬುಧವಾರ ಇನ್ನಷ್ಟು ಇಳಿದಿತ್ತು.

ಅದು ಯಾರ ಭಾವಚಿತ್ರವೂ ಆಗಿರಲಿಲ್ಲ. ಧಾರವಾಡದ ಶಾಲ್ಮಲಾ ತಾಂತ್ರಿಕ ವಿದ್ಯಾಪೀಠದಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಅಂಕಿಗಳ ಕೋಷ್ಟಕದಲ್ಲಿ ನೋಡುವ ಪದ್ಧತಿ ನಿಂತು ಎರಡು ವರ್ಷಗಳಾಗಿದ್ದವು. ಕೋಷ್ಟಕವನ್ನು ಯಾರೂ ಓದುತ್ತಿರಲಿಲ್ಲ; ಮುಖವನ್ನು ಓದದೆ ಇರಲು ಯಾರಿಂದಲೂ ಆಗುವುದಿಲ್ಲ. ತಾಯಿಯ ಹುಬ್ಬು ತುಸು ಗಂಟಿಕ್ಕಿದರೂ ಹಸುಗೂಸಿಗೆ ತಿಳಿಯುತ್ತದೆ. ಮನುಷ್ಯನ ಮಿದುಳಿನ ಈ ಹುಟ್ಟು ಚುರುಕನ್ನೇ ಸಂಖ್ಯಾಶಾಸ್ತ್ರಜ್ಞೆ ಅಂಬುಜಾ ಉಪಯೋಗಕ್ಕೆ ತಂದಿದ್ದಳು. ವಿದ್ಯಾರ್ಥಿಗಳು ವಾರಕ್ಕೊಮ್ಮೆ ಮೊಬೈಲಿನಲ್ಲಿ ಹದಿನೆಂಟು ಪ್ರಶ್ನೆಗಳಿಗೆ ಬೆರಳು ಸರಿಸಿ ಉತ್ತರಿಸಬೇಕು. ಪಾಠ ತಿಳಿಯಿತೇ ಎಂಬ ಉತ್ತರ ಕಣ್ಣಿನ ಹೊಳಪಾಗುತ್ತದೆ. ಪ್ರಶ್ನೆ ಕೇಳಿದರೆ ಗಮನ ಕೊಡುತ್ತಾರೆಯೇ ಎಂಬುದು ರೆಪ್ಪೆಯಾಗುತ್ತದೆ. ದನಿ ಕೇಳುತ್ತದೆಯೇ ಎಂಬುದು ಬಾಯಿಯಾಗುತ್ತದೆ. ಹದಿನೆಂಟು ಉತ್ತರಗಳಿಗೆ ಹದಿನೆಂಟು ಅಂಗಗಳು, ಒಬ್ಬೊಬ್ಬ ಅಧ್ಯಾಪಕನಿಗೆ ಒಂದೊಂದು ಮುಖ. ಕೊಠಡಿಯ ಬಾಗಿಲ ಕಡೆ ಕೂಡುವವರ ಉತ್ತರದಿಂದ ಮುಖದ ಒಂದು ಪಾರ್ಶ್ವ, ಕಿಟಕಿ ಕಡೆಯವರ ಉತ್ತರದಿಂದ ಇನ್ನೊಂದು. ಪಾಠ ಎಲ್ಲ ಬೆಂಚುಗಳಿಗೂ ತಲುಪುತ್ತದೆಯೇ ಎಂದು ತಿಳಿಯಲು ಮಾಡಿದ ಏರ್ಪಾಡು ಇದು. ಮಾತಿನಲ್ಲಿ ಬರೆಯಲು ಮೊದಲು ಒಂದು ಕಲಂ ಇತ್ತು. ಮಾತು ಚಿತ್ರವಾಗುವುದಿಲ್ಲವೆಂದು ಅಂಬುಜಾಳೇ ಅದನ್ನು ತೆಗೆಸಿದ್ದಳು.

ಜನ ಬೇಗನೆ ಹೊಂದಿಕೊಂಡಿದ್ದರು. ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಉತ್ತರ ತುಂಬುವ ದಿನ ತಪ್ಪದೆ ಪೇಡೆ ಹಂಚುತ್ತಿದ್ದರು. ಇನ್ನೊಬ್ಬರು ತಮ್ಮ ಮುಖ ಚೆನ್ನಾಗಿ ಬಂದ ವಾರ ಅದನ್ನು ಗೃಹಪ್ರವೇಶದ ಆಮಂತ್ರಣದ ಮೇಲೆ ಅಚ್ಚು ಹಾಕಿಸಿದ್ದರು. ಕನ್ಯೆ ನೋಡಲು ಹೋದ ಅಧ್ಯಾಪಕನಿಗೆ ಮಾವನಾಗುವವರು "ನಿಮ್ಮ ನಂಬರ್ ಎಷ್ಟ್ರಿ?" ಎಂದು ಕೇಳಿದ ಕಥೆಯೂ ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು. ಆದರೆ ಯಾವ ಸಂಖ್ಯೆ ಯಾರದೆಂಬ ಪಟ್ಟಿ ಡೀನ್ ಬಳಿ ಮಾತ್ರ ಇರುತ್ತಿತ್ತು. ಅಧ್ಯಾಪಕನಿಗೆ ತನ್ನ ಸಂಖ್ಯೆಯೊಂದು ಗೊತ್ತು. ಅಂಬುಜಾಳಿಗೆ ಯಾರದೂ ಗೊತ್ತಿಲ್ಲ.

ಆ ಬುಧವಾರ ಬೆಳಿಗ್ಗೆ ಡೀನ್ ಗುರುಪಾದ ಹೊಂಬಳ ಒಳಬಂದವರೇ ಬಾಗಿಲು ಮುಚ್ಚಿದರು.

"ಕೂಡ್ರಿ ಮ್ಯಾಡಂ. ನಿಂತು ಕೇಳೂ ಮಾತಲ್ಲ ಇದು."

"ನೂರಾ ಹದಿನೇಳರ ವಿಚಾರ ಏನ್ರಿ?"

"ಅದ. ಬಾಗಿಲ ಕಡೆ ಯಾರು ಕೂಡ್ತಾರ ಹೇಳ್ರಿ ನೋಡೂಣು?"

ಪ್ರಶ್ನೆ ಅರ್ಥವಾಗಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಬಾಗಿಲ ಕಡೆ ಹುಡುಗಿಯರು, ಕಿಟಕಿ ಕಡೆ ಹುಡುಗರು. ಯಾವ ಸುತ್ತೋಲೆಯಲ್ಲೂ ಇಲ್ಲದ, ಯಾರೂ ಮುರಿಯದ ಕಟ್ಟಳೆ. ತಾನೂ ಐದು ವರ್ಷ ಹಾಗೆಯೇ ಬಾಗಿಲ ಕಡೆ ಕೂತು ಓದಿದವಳು. ಬೆಂಚುಗಳ ನಡುವೆ ಗೆರೆ ಎಳೆದೆನೆಂದುಕೊಂಡವಳು ಹುಡುಗಿಯರಿಗೂ ಹುಡುಗರಿಗೂ ನಡುವೆ ಗೆರೆ ಎಳೆದಿದ್ದಳು. ಎರಡು ವರ್ಷ ಅದು ಹೊಳೆದೇ ಇರಲಿಲ್ಲ.

"ಹುಡುಗ್ಯಾರ ಅರ್ಧ ಬಿದ್ದೈತಿ" ಎಂದರು ಹೊಂಬಳ. "ಗಮನ ಕೊಡೂದಿಲ್ಲ, ಪ್ರಶ್ನೆಗೆ ಉತ್ತರ ಕೊಡೂದಿಲ್ಲ, ಸರಿಸಮ ಕಾಣೂದಿಲ್ಲ. ಮೂರಕ್ಕೂ ತಳಾ ಮುಟ್ಟೈತಿ. ಹುಡುಗರ ಅರ್ಧ ನೋಡ್ರಿ, ಮದಲಗಿತ್ತಿ ಹಂಗ ಐತಿ. ಶುಕ್ರವಾರ ಹನ್ನೊಂದಕ್ಕ ವಿಚಾರಣಾ ಇಟ್ಟೀವಿ. ನೌಕರಿ ಉಳಿಯೂದು ಕಷ್ಟ."

"ಯಾರದ್ರೀ ಅದು?"

ಹೊಂಬಳ ಗೋಡೆಯ ಕಡೆ ನೋಡಿದರು. "ಅದಕ್ಕ ಕೂಡ್ರಿ ಅಂದೆ. ನಿಮ್ಮ ಯಜಮಾನರದು."

ಸ್ವಂತದವರ ಉತ್ತರ ತೆರೆಯಬಾರದೆಂಬ ನಿಯಮದ ಪ್ರಕಾರ ಆ ಕ್ಷಣದಿಂದ ನೂರಾ ಹದಿನೇಳರ ಉತ್ತರಗಳನ್ನು ತೆರೆಯುವ ಹಕ್ಕು ಅಂಬುಜಾಳಿಗೆ ಇಲ್ಲವಾಯಿತು.

* * *

ಮಧ್ಯಾಹ್ನ ಒಂದೂವರೆಗೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ವಿರೂಪಾಕ್ಷ ಸವಡಿ ಎಂದಿನಂತೆ ಉಣ್ಣಲು ಕೂತ. ಐವತ್ತನಾಲ್ಕರ ವಯಸ್ಸು, ಇಪ್ಪತ್ತೆಂಟು ವರ್ಷಗಳಿಂದ ಕಟ್ಟಡ ರಚನೆಯ ಪಾಠ. ಸೇತುವೆಯ ತೊಲೆ ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಒಂದು ಸೀಳು ಬಿದಿರು ಹಿಡಿದು ತೋರಿಸುವವನು. ಅವನ ಹಳೆಯ ವಿದ್ಯಾರ್ಥಿನಿಯರು ಮದುವೆಯಾಗಿ ಮಕ್ಕಳಾದ ಮೇಲೂ ಮನೆಗೆ ಬಂದು ಹೋಗುತ್ತಿದ್ದರು. ಅಂಥವನ ಮೇಲೆ ಈ ಆರೋಪ!

ಅಂಬುಜಾ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿ, ತಾಟಿನ ಎಡ ಅಂಚಿಗೆ ಶೇಂಗಾ ಚಟ್ನಿಯ ಹಿಂಡಿ, ಸೌತೆಕಾಯಿ ಹೋಳು ಇಟ್ಟಳು. ಅವನು ಎಣಗಾಯಿ ಮುಗಿಸಿ ಕೇಳಿದ.

"ಹಿಂಡಿ ತೀರೈತೇನು?"

ಹಿಂಡಿ ಮುಟ್ಟದೆ ಹಾಗೆಯೇ ಬಿದ್ದಿತ್ತು. ಚುಚ್ಚಿ ಮಾತಾಡುತ್ತಿದ್ದಾನೆ ಎಂದುಕೊಂಡಳು. ಇನ್ನೊಂದು ಚಮಚ ತಂದು ಅವನ ಬಲಗೈ ಹತ್ತಿರ ಸುರಿದಳು. ಅದನ್ನು ಅವನು ಉಂಡ.

"ವಿಚಾರಣಾದ ಸುದ್ದಿ ಗೊತ್ತಾತೇನ್ರೀ?"

"ಪತ್ರ ಬಂದೈತಿ. ಹುಡುಗ್ಯಾರ ಕಡೆ ಲಕ್ಷ್ಯ ಕೊಡೂದಿಲ್ಲಂತ." ಅವನ ದನಿಯಲ್ಲಿ ಏರಿಳಿತವೇ ಇರಲಿಲ್ಲ, ಯಾರದೋ ಊರಿನ ಸುದ್ದಿ ಓದಿದಂತಿತ್ತು. "ಲಕ್ಷ್ಯ ಯಾರಿಗೆ ಕೊಡ್ಲಿ ಅಂಬೂ? ಒಂದು ತಿಂಗಳಾತು, ಹುಡುಗ್ಯಾರು ಕ್ಲಾಸಿಗೇ ಬರವಲ್ರು."

ತರಗತಿಯ ಬಾಗಿಲಿನ ಯಂತ್ರ ದಾಖಲಿಸುವ ಹಾಜರಿಯನ್ನು ಅವಳು ಬೆಳಿಗ್ಗೆಯೇ ನೋಡಿದ್ದಳು. ಇಪ್ಪತ್ತನಾಲ್ಕು ಹುಡುಗಿಯರು; ಒಬ್ಬಳೂ ತಪ್ಪಿಸಿರಲಿಲ್ಲ.

"ಯಾರೂ ಬರವಲ್ರಾ?"

"ಒಮ್ಮೊಮ್ಮೆ ದನಿ ಕೇಳಿಸ್ತೈತಿ. ಹೊರಗ ವರಾಂಡಾದಾಗ ಗದ್ದಲ ಮಾಡ್ತಿರ್ತಾರೇನೋ. ತಲಿ ಭಾರ ಐತಿ, ಒಂದು ಗುಳಿಗಿ ಕೊಡು."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಸುಳ್ಳು ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಇಷ್ಟು ತಣ್ಣಗೆ, ಇಷ್ಟು ದೊಡ್ಡ ಸುಳ್ಳು! ಗುಳಿಗೆಯನ್ನು ಮೇಜಿನ ಮೇಲಿಟ್ಟು, ತಿರುಗಿ ನೋಡದೆ ಒಳಗೆ ಹೋದಳು. ತಾನು ಕಟ್ಟಿಕೊಂಡವನು ಎಂಥವನು ಎಂಬ ಪ್ರಶ್ನೆ ಅವಳನ್ನು ಸಂಜೆಯವರೆಗೂ ಬಿಡಲಿಲ್ಲ.

* * *

ಗುರುವಾರ ಬೆಳಿಗ್ಗೆ ಹತ್ತಕ್ಕೆ ಗೋಡೆಯ ಪರದೆ ಬೆಳಗಿದಾಗ ಅಂಬುಜಾ ಕಣ್ಣುಜ್ಜಿಕೊಂಡಳು.

ನೂರಾ ಹದಿನೇಳು ಬೆಳಗುತ್ತಿತ್ತು. ಎರಡು ಕಣ್ಣುಗಳೂ ಅರಳಿದ್ದವು. ತುಟಿಯ ಎರಡು ತುದಿಗಳೂ ಒಂದೇ ಎತ್ತರದಲ್ಲಿ ನಗುತ್ತಿದ್ದವು. ಅರ್ಧವರ್ಷ ಮುಗಿಯುವವರೆಗೆ ತಮ್ಮ ಹಳೆಯ ಉತ್ತರಗಳನ್ನು ತಿದ್ದಲು ವಿದ್ಯಾರ್ಥಿಗಳಿಗೆ ಅವಕಾಶವಿತ್ತು. ನಾಲ್ಕು ವಾರಗಳೂ ತಿದ್ದಿಹೋಗಿದ್ದವು.

ಹೊಂಬಳ ಫೋನಿನಲ್ಲಿ ನಕ್ಕರು. "ನೋಡಿದ್ರೇನ್ರಿ? ಹುಡುಗ್ಯಾರು ಸಿಟ್ಟಿನಾಗ ಏನೋ ಒತ್ತಿದ್ರು, ಈಗ ತಿದ್ದ್ಯಾರ. ವಿಚಾರಣಾ ರದ್ದು. ನಾಳೆ ಮೌಲ್ಯಮಾಪನ ತಂಡದವ್ರು ಬರ್ತಾರ, ಗೋಡಿ ಲಕಲಕ ಅಂತಿರಬೇಕು. ಮನ್ಯಾಗ ಏನರ ಸಿಹಿ ಮಾಡ್ರಿ."

ನೌಕರಿ ಉಳಿಯಿತು, ಮಾನ ಉಳಿಯಿತು. ಚಹಾ ತರಿಸಿ ಕುಡಿದಳು. ಆದರೆ ಕಣ್ಣು ಮತ್ತೆ ಮತ್ತೆ ಆ ಮುಖದ ಕಡೆಗೇ ಹೋಗುತ್ತಿತ್ತು. ವರಮಹಾಲಕ್ಷ್ಮಿಯ ಕಲಶಕ್ಕೆ ಕಟ್ಟುವ ಬೆಳ್ಳಿ ಮುಖವಾಡ ನೆನಪಾಯಿತು. ಅಚ್ಚಿನಲ್ಲಿ ಎರಕ ಹೊಯ್ದ ನಗೆ ಅದು. ಉಳಿದ ಮುನ್ನೂರ ಹನ್ನೊಂದು ಮುಖಗಳಲ್ಲಿ ಒಂದಕ್ಕೂ ಎರಡು ಕೆನ್ನೆ ಸರಿಸಮ ಇರಲಿಲ್ಲ. ಐವತ್ತೆರಡು ಮಂದಿ ಬೇರೆ ಬೇರೆ ಮನಸ್ಸಿನಿಂದ ಉತ್ತರಿಸಿದರೆ ಮುಖ ತುಸುವಾದರೂ ಸೊಟ್ಟಗಿರಲೇಬೇಕು.

ಕೀಲಿಮಣೆಯ ಮೇಲೆ ಅವಳ ಬೆರಳು ತಡೆದವು. ತೆರೆದರೆ ನಿಯಮಭಂಗ, ಯಂತ್ರ ಅವಳ ಹೆಸರನ್ನು ದಾಖಲಿಸುತ್ತದೆ.

ತೆರೆದಳು.

ಹುಡುಗರ ಉತ್ತರ ಬದಲಾಗಿರಲಿಲ್ಲ. ಇಪ್ಪತ್ತನಾಲ್ಕು ಹುಡುಗಿಯರ ಉತ್ತರಗಳು ಮಾತ್ರ ಹುಡುಗರ ಸರಾಸರಿಗೆ ಕೂದಲೆಳೆಯೂ ತಪ್ಪದಂತೆ ಹೊಂದಿಕೊಂಡಿದ್ದವು. ಎಲ್ಲವೂ ಹಿಂದಿನ ದಿನ ಸಂಜೆ ಒಂದೇ ಮೊಬೈಲಿನಿಂದ, ಹತ್ತೊಂಬತ್ತು ನಿಮಿಷಗಳಲ್ಲಿ ಹೋಗಿದ್ದವು. ಮೊಬೈಲ್ ತರಗತಿಯ ಪ್ರತಿನಿಧಿಯದು. ಶಾಹೀನ್ ನದಾಫ.

* * *

ಶಾಹೀನ್ ಗ್ರಂಥಾಲಯದ ಮೆಟ್ಟಿಲ ಮೇಲೆ ಸಿಕ್ಕಳು. ಅಂಬುಜಾ ತನ್ನ ಹೆಸರು ಹೇಳುತ್ತಲೇ ಹುಡುಗಿಯ ಬಣ್ಣ ಇಳಿಯಿತು.

"ನಾನ ಮಾಡೀನ್ರಿ ಮ್ಯಾಡಂ. ಎಲ್ಲಾರ ಪಾಸ್‌ವರ್ಡ್ ಇಸಗೊಂಡು ನಾನ ಒತ್ತೀನಿ. ಅವರದೇನೂ ತಪ್ಪಿಲ್ರಿ."

"ಯಾಕವಾ?"

"ಸರ್ ಮ್ಯಾಲ ಹುಡುಗ್ಯಾರ ಸಲುವಾಗಿ ಕೇಸ್ ಹಾಕ್ಯಾರಂತ ಗೊತ್ತಾತ್ರಿ. ನಮಗ ಅಳು ಬಂತು. ನಾವು ಹಂಗ ಅಂದಿಲ್ರಿ! ಬರೇ ಗಮನ ಕೊಡ್ತಾರೇನು ಅಂತ ಕೇಳಿದ್ರು, ಇಲ್ಲ ಅಂತ ಒತ್ತಿದ್ವಿ. ಅದು ಖರೇನ ಇತ್ತು. ಯಾಕ ಅಂತ ಬರಿಯಾಕ ಜಾಗಾನ ಇಲ್ಲಲ್ರಿ."

ಅಂಬುಜಾ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕೂತಳು. "ಈಗ ಹೇಳು. ಜಾಗಾ ಐತಿ."

"ಸರ್ ಮೊದಲ ಹಿಂಗ ಇದ್ದಿಲ್ರಿ. ನಮಗ ಡೌಟ್ ಇಲ್ಲ ಅಂದ್ರ ಬೈತಿದ್ರು. ಒಂದು ತಿಂಗಳಾತ್ರಿ, ಕೈ ಎತ್ತಿದ್ರ ನೋಡೂದಿಲ್ಲ. 'ಸರ್' ಅಂದ್ರ ಕಿಟಕಿ ಕಡೆ ತಿರುಗಿ 'ಯಾರು?' ಅಂತಾರ. ಹುಡುಗ್ರು ನಗ್ತಾರ. ಬೋರ್ಡಿನ ಎಡಗಡೆ ಅರ್ಧ ಖಾಲೀನ ಬಿಡ್ತಾರ್ರಿ, ನಡುವಿಂದ ಬರಿಯಾಕ ಚಾಲೂ ಮಾಡ್ತಾರ. ಸೋಮವಾರ ಹೊರಗ ಹೋಗೂ ಮುಂದ ಬಾಗಿಲ ಚೌಕಟ್ಟಿಗೆ ಎಡ ಭುಜಾ ಬಡಕೊಂಡ್ರು. ಬಡದಿದ್ದೂ ಗೊತ್ತಾಗಲಿಲ್ಲ ಅನಸ್ತೈತಿ, ಹಂಗ ಹೋದ್ರು."

ಪಾಠ ಹೇಳುವವನು ತರಗತಿಗೆ ಮುಖ ಮಾಡಿ ನಿಂತರೆ ಬಾಗಿಲು ಅವನ ಎಡಕ್ಕೆ ಬರುತ್ತದೆ. ಹಿಂಡಿ ಇದ್ದದ್ದು ತಾಟಿನ ಎಡ ಅಂಚಿನಲ್ಲಿ. ಅವನು ಸುಳ್ಳು ಹೇಳಿರಲಿಲ್ಲ. ಅವನ ಪಾಲಿಗೆ ಹುಡುಗಿಯರು ನಿಜವಾಗಿಯೂ ಬಂದಿರಲಿಲ್ಲ.

"ಸರ್ ಈಗ ಎಲ್ಲಿ ಅದಾರ?"

"ಎಂಟನೇ ನಂಬರ್ ರೂಮಿನಾಗ್ರಿ. ನಮ್ಮದ ಕ್ಲಾಸ್. ನಾ ಹೆದರಿ ಹೋಗಿಲ್ಲ."

ಇಬ್ಬರೂ ಓಡಿದರು.

ಎಂಟನೇ ಕೊಠಡಿಯ ಬಾಗಿಲು ತೆರೆದೇ ಇತ್ತು. ಅಂಬುಜಾ ಹೊಸ್ತಿಲಲ್ಲಿ ನಿಂತಳು. ಹೊರಗಿನ ಅಧ್ಯಾಪಕರು ಬಂದರೆ ಎದ್ದು ನಿಲ್ಲುವುದು ಅಲ್ಲಿನ ರೂಢಿ. ಬಾಗಿಲ ಕಡೆಯ ಹುಡುಗಿಯರು ಎದ್ದರು. ಅವರನ್ನು ನೋಡಿ ಹುಡುಗರೂ ಎದ್ದರು.

ಸೀಮೆಸುಣ್ಣ ಹಿಡಿದಿದ್ದ ವಿರೂಪಾಕ್ಷ ಎದ್ದು ನಿಂತ ಹುಡುಗರನ್ನು ಬೆರಗಿನಿಂದ ನೋಡಿದ.

"ಯಾಕ್ರೋ ಎದ್ರಿ? ಗಂಟಿ ಇನ್ನೂ ಆಗಿಲ್ಲ. ಕೂಡ್ರಿ, ಕೂಡ್ರಿ."

ಯಾರೂ ಕೂಡಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಮೇಲಿತ್ತು. ಅವನು ಮಾತ್ರ ಅತ್ತ ತಿರುಗಲಿಲ್ಲ. ಕೈಹಿಡಿದ ಹೆಂಡತಿ ನಾಲ್ಕು ಮಾರು ದೂರದಲ್ಲಿದ್ದಳು.

"ರೀ" ಎಂದಳು ಅಂಬುಜಾ.

ಅವನ ಮುಖ ಕಿಟಕಿಯ ಕಡೆ ಹೊರಳಿತು. ಅಲ್ಲಿ ಹುಡುಕಿತು. ಒಬ್ಬ ಹುಡುಗ ಕಿಸಕ್ಕನೆ ನಕ್ಕವನು ಪಕ್ಕದವನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಅಂಬುಜಾ ಹುಡುಗಿಯರ ಬೆಂಚುಗಳ ಮುಂದಿನಿಂದ ಹೆಜ್ಜೆ ಹೆಜ್ಜೆಯಾಗಿ ನಡೆದು ಬಂದಳು. ಮೂರು ಹೆಜ್ಜೆ, ನಾಲ್ಕು ಹೆಜ್ಜೆ. ಕೊಠಡಿಯ ನಡುವನ್ನು ದಾಟುತ್ತಲೇ ಅವನು ಬೆಚ್ಚಿಬಿದ್ದ, ಗೋಡೆ ಸೀಳಿ ಯಾರೋ ಹೊರಬಂದರೆ ಬೆಚ್ಚುವಂತೆ.

"ಅಂಬೂ! ಯಾವಾಗ ಬಂದಿ?"

* * *

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಿದುಳಿನ ಚಿತ್ರ ತೆಗೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ವೈದ್ಯರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ತಲೆಬುರುಡೆಗೂ ಮಿದುಳಿಗೂ ನಡುವೆ, ಬಲಭಾಗದಲ್ಲಿ, ಕುಡಗೋಲಿನ ಆಕಾರದ ಒಂದು ಪಟ್ಟೆ. ಹಳೆಯ ರಕ್ತ. ಅದು ದಿನದಿನಕ್ಕೂ ಹಿಗ್ಗುತ್ತ ಮಿದುಳನ್ನು ಆಚೆಗೆ ದೂಡುತ್ತಿತ್ತು.

"ತಲಿಗೆ ಪೆಟ್ಟು ಬಿದ್ದಿತ್ತೇನ್ರಿ?"

"ಎರಡು ತಿಂಗಳ ಹಿಂದ ಲ್ಯಾಬಿನಾಗ ಕಬ್ಬಿಣದ ಚೌಕಟ್ಟಿಗೆ ಬಡಕೊಂಡಿದ್ರು. ತಲಿ ಮ್ಯಾಲ ಗುಬುಟಿ ಸೈತ ಎದ್ದಿದ್ದಿಲ್ಲ. ನಕ್ಕೋತ ಹೇಳಿದ್ರು."

"ರಕ್ತಾ ತೆಳು ಮಾಡೂ ಗುಳಿಗಿ?"

"ಹೃದಯದ ಸಲುವಾಗಿ ತಗೋತಾರ."

ವೈದ್ಯರು ತಲೆಯಾಡಿಸಿದರು. "ಹಂಗಾದ್ರ ಸಣ್ಣ ಪೆಟ್ಟೂ ಸಾಕು. ಹನಿ ಹನಿ ಸೋರಿ ಕೂಡೈತಿ. ಬಲಗಡೆ ಮಿದುಳು ಒತ್ತಿದಾಗ ಎಡಗಡೆ ಜಗತ್ತು ಐತಿ ಅನ್ನೂದ ಮರತು ಹೋಗ್ತೈತ್ರಿ. ಕಣ್ಣು ಚಲೋ ಇರ್ತಾವ. ಮನಸು ಆ ಕಡೆ ಹೋಗೂದಿಲ್ಲ. ರೋಗ ಐತಿ ಅಂತ ರೋಗಿಗೇ ಗೊತ್ತಾಗೂದಿಲ್ಲ. ಇನ್ನೆರಡು ದಿನ ಬಿಟ್ಟಿದ್ರ ನಿದ್ದಿಗೆ ಜಾರಿ ಏಳತಿದ್ದಿಲ್ಲ. ಈಗೂ ಏನೂ ಹೇಳಲಾರೆ. ಸಹಿ ಮಾಡ್ರಿ."

ಶಸ್ತ್ರಕ್ರಿಯೆಯ ಕೋಣೆಯ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಅಂಬುಜಾ ಕೂತಳು. ಸ್ವಲ್ಪ ಹೊತ್ತಿಗೆ ಶಾಹೀನ್ ಬಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದ ಹುಡುಗಿಯರೂ ಬಂದರು. ಧಾರವಾಡದಿಂದ ಬಸ್ಸು ಹಿಡಿದು ಬಂದಿದ್ದರು.

"ತಿಂಗಳ ಹಿಂದನ ಗೊತ್ತಿತ್ರಿ ನಮಗ" ಎಂದಳು ಶಾಹೀನ್. "ಯಾರಿಗರ ಬಾಯಿಬಿಟ್ಟು ಹೇಳಬೇಕಾಗಿತ್ತು. ಬರೇ ಬೆರಳು ಒತ್ಕೋತ ಕುಂತ್ವಿ. ಮ್ಯಾಲ ಸುಳ್ಳು ಬ್ಯಾರೆ ಒತ್ತಿದೆ."

"ನಾ ಅವರ ಎದುರಿಗೇ ಕುಂತು ಎರಡು ಹೊತ್ತು ಬಡಸೀನವಾ. ನೀ ಏನು ಹೇಳ್ತಿ?"

ಆಗ ಹೊಂಬಳರ ಫೋನು ಬಂತು. ಆರೋಗ್ಯ ವಿಚಾರಿಸಿದರು, ನಿಜವಾಗಿಯೇ ಮರುಗಿದರು. ಬಳಿಕ ದನಿ ತಗ್ಗಿಸಿದರು. "ಒಂದು ಮಾತು ಮ್ಯಾಡಂ. ನೀವು ಉತ್ತರ ತೆಗದು ನೋಡಿದ್ದು ಯಂತ್ರದಾಗ ಬಂದೈತಿ. ಹುಡುಗ್ಯಾರು ತಿದ್ದಿದ್ದು ತಿದ್ದಿದಂಗ ಇರ್ಲಿ. ನಾಳೆ ತಂಡದವ್ರು ಹೋದ ಮ್ಯಾಲ ನೋಡೂಣು. ಒಂದು ದಿನದ ಮಾತು."

ಅಂಬುಜಾ ಮುಚ್ಚಿದ ಬಾಗಿಲನ್ನು ನೋಡಿದಳು. ಅದರ ಆಚೆ ಯಾರೋ ಅವಳ ಗಂಡನ ತಲೆಬುರುಡೆಗೆ ರಂಧ್ರ ಕೊರೆಯುತ್ತಿದ್ದರು.

"ಈ ಒಂದು ದಿನಾ ಚಂದ ಕಂಡದ್ದಕ್ಕ ನಾ ಚಹಾ ಕುಡದು ಕುಂತಿದ್ದೆ ಸರ್" ಎಂದಳು. "ನೂರಾ ಹದಿನೇಳು ಬೀಳ್ತೈತಿ. ಕಲಂ ತೆಗೆಸಿದ್ದು ನಾನು, ಅದನ್ನ ತಿರುಗಿ ಹಾಕಿಸ್ತೀನಿ. ನಿಯಮಾ ಮುರದದ್ದಕ್ಕ ಏನು ಕ್ರಮಾ ತಗೋತೀರಿ ತಗೋರಿ."

ಫೋನು ಇಟ್ಟು ಹುಡುಗಿಯರ ಕಡೆ ತಿರುಗಿದಳು. ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಇಪ್ಪತ್ತನಾಲ್ಕು ಮೊಬೈಲುಗಳು ಆಗಲೇ ಕೈಗೆ ಬಂದಿದ್ದವು. ಒಬ್ಬಳು ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತ ಪಕ್ಕದವಳನ್ನು ಗದರಿದಳು: "ನನ್ನದು ನೋಡಿ ಒತ್ತಬ್ಯಾಡ. ನಿನಗ ಹೆಂಗ ಅನಸಿತ್ತು ಹಂಗ ಒತ್ತು."

ಅಂಬುಜಾಳ ಅಂಗೈಯ ಪುಟ್ಟ ಪರದೆಯಲ್ಲಿ ಬೆಳ್ಳಿ ಮುಖವಾಡ ಕರಗಿತು. ಹುಬ್ಬು ಕುಸಿಯಿತು, ರೆಪ್ಪೆ ಇಳಿಯಿತು, ತುಟಿ ಜಾರಿತು. ನಾಲ್ಕು ವಾರಗಳಿಂದ ಅವಳು ನೋಡಿಯೂ ನೋಡದಿದ್ದ ಮುಖ.

* * *

ರಕ್ತವನ್ನು ಹರಿಸಿ ತೆಗೆದಿದ್ದರು. ಜೀವ ಉಳಿಯಿತು. ಆದರೆ ಎರಡು ದಿನ ಕಳೆದರೂ ವಿರೂಪಾಕ್ಷ ಹಾಸಿಗೆಯ ಬಲಕ್ಕೇ ನೋಡುತ್ತಿದ್ದ. ಎಡಗೈ ತನ್ನದೇ ಎಂದು ಹೇಳಿಕೊಡಬೇಕಾಗುತ್ತಿತ್ತು.

"ಒತ್ತಡ ಹೋಗೈತಿ, ರೂಢಿ ಹೋಗಿಲ್ಲ" ಎಂದರು ವೈದ್ಯರು. "ಎಡಗಡೆಯಿಂದ ಕರೀತಾ ಇರಬೇಕು, ಮಾತಾಡಸ್ತಾ ಇರಬೇಕು. ತಿರುಗಿದ್ರ ತಿರುಗ್ತಾರ. ಖಾತ್ರಿ ಕೊಡಲಾರೆ. ಬ್ಯಾಸರಾಗದವರು ಬೇಕು."

ಹುಡುಗಿಯರು ವೇಳಾಪಟ್ಟಿ ಹಾಕಿದರು. ತಲಾ ಅರ್ಧ ಗಂಟೆ, ಬೆಳಗಿನಿಂದ ಸಂಜೆಯವರೆಗೆ. ಮೊದಲ ಸರದಿ ಶಾಹೀನಳದು. ಅವಳು ಎಡಬದಿಯ ಕುರ್ಚಿಯಲ್ಲಿ ಕೂತು ತೊಲೆಯ ಚಿತ್ರವಿದ್ದ ನೋಟುಪುಸ್ತಕ ಬಿಡಿಸಿದಳು. ಅಂಬುಜಾ ಕಾಲದೆಸೆಯಲ್ಲಿ ನಿಂತು ಮಂಚದ ಕಂಬಿ ಹಿಡಿದಳು.

"ಸರ್, ಡೌಟ್ ಐತ್ರಿ."

ಅವನು ಬಲಗಡೆಯ ಕಿಟಕಿಯ ಕಡೆ ನೋಡಿದ. "ಯಾರು?"

"ಈ ಕಡೆಯಿಂದ್ರಿ ಸರ್."

ಹಣೆಯ ಮೇಲಿನ ಪಟ್ಟಿ ಸುಕ್ಕಾಯಿತು. ಕಣ್ಣುಗಳು ಚಾವಣಿಯ ನಡುವಿನವರೆಗೆ ಬಂದು, ಅಲ್ಲಿ ತಡೆದು, ಮತ್ತೆ ಕಿಟಕಿಗೇ ಮರಳಿದವು.

"ಸರ್, ತೊಲಿಯ ಎರಡೂ ಕಡೆ ಭಾರ ಇಟ್ರ ನಡುವ ಬಾಗತೈತಿ ಅಂದ್ರಿ. ಒಂದ ಕಡೆ ಇಟ್ರ?"

ದಾದಿಯೊಬ್ಬಳು ತಳ್ಳುಗಾಡಿ ದೂಡಿಕೊಂಡು ಹೋದಳು. ಶಾಹೀನ್ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಇನ್ನಷ್ಟು ನಿಧಾನವಾಗಿ ಕೇಳಿದಳು. ದಿಂಬಿನ ಮೇಲೆ ತಲೆ ಕದಲಿತು. ನೋಟ ಚಾವಣಿಯ ನಡುವನ್ನು ಮುಟ್ಟಿತು, ನಿಂತಿತು, ಕುತ್ತಿಗೆಯ ನರ ಬಿಗಿದು ನಡುಗಿತು. ಆಮೇಲೆ ಆ ಗೆರೆಯನ್ನು ದಾಟಿತು.

ಅವನು ಅವಳನ್ನು ನೋಡಿದ. ಗುರುತು ಹಿಡಿಯಲು ಹೊತ್ತು ಹಿಡಿಯಿತು.

"ಶಾಹೀನ್" ಎಂದ. "ಪುಸ್ತಕ ಹತ್ರ ತಾ. ಚಿತ್ರಾ ತಪ್ಪು ಬರದಿ."